ಶ್ರೀಕಾರವಿಲ್ಲದ ಕಾರ್ಡು

ಸಾವಿನ ಸುದ್ದಿಯ ಕಾಗದಕ್ಕೆ ಯಗಟಿಯ ಕಡೆ ಯಾರೂ ಮೇಲೆ ಶ್ರೀ ಬರೆಯುವುದಿಲ್ಲ. ಅಂಥದ್ದನ್ನು ಹೊಸಿಲು ದಾಟಿಸುವುದೂ ಇಲ್ಲ. ಹೊರಗೇ ಹರಿದುಹಾಕಿ, ತಲೆಗೆ ನೀರು ಹುಯ್ದುಕೊಂಡು ಒಳಗೆ ಬರುತ್ತಾರೆ. ಈರಭದ್ರಪ್ಪನಿಗೆ ಓದು ಬಾರದು, ಶ್ರೀ ಒಂದನ್ನು ಮಾತ್ರ ಗುರುತು ಹಿಡಿಯುತ್ತಿದ್ದ. ಆ ಅರೆಬರೆ ತಿಳಿವಳಿಕೆಯೇ ಅವನ ಮನೆ ಹಾಳು ಮಾಡಿತು.

ಎಪ್ಪತ್ತೊಂದರ ಯುದ್ಧಕ್ಕೆ ಹೋದ ಮಗ ಕಲ್ಲಪ್ಪ ಕಾಣೆಯಾಗಿದ್ದಾನೆಂದು ಸೈನ್ಯದಿಂದ ತಂತಿ ಬಂದಿತ್ತು. ಬೇಸಿಗೆಯಲ್ಲಿ ಅಂಚೆಯವನು ಒಂದು ಕಾರ್ಡು ಕೊಟ್ಟುಹೋದ. ಅಚ್ಚಾದ ಅಕ್ಷರ ಕನ್ನಡದ್ದಲ್ಲ, ಮೂಲೆಯಲ್ಲಿ ಏನೋ ಕೆಂಪು ಗುರುತು, ಶ್ರೀ ಇಲ್ಲ. ಈರಭದ್ರಪ್ಪ ಯಾರನ್ನೂ ಕೇಳಲಿಲ್ಲ. ಅಂಗಳದಲ್ಲೇ ಅದನ್ನು ಚೂರುಚೂರು ಮಾಡಿ, ಉಟ್ಟ ಬಟ್ಟೆಯಲ್ಲೇ ನೀರು ಸುರಿದುಕೊಂಡ. ಮಗನ ತಿಥಿಯೂ ಆಯಿತು. ಹೆಂಡತಿ ದ್ಯಾಮಮ್ಮ ಅನ್ನ ಬಿಟ್ಟು ಹಾಸಿಗೆ ಹಿಡಿದಳು.

ಮಳೆಗಾಲದಲ್ಲಿ ಅವಳನ್ನು ನೋಡಲು ನರ್ಸ್ ಸುಲೋಚನಮ್ಮ ಬಂದರು.

"ಮಗ ತೀರ್ಕೊಂಡ ಅಂತ ಮಿಲಿಟ್ರಿಯೋರು ತಿಳಿಸಿದ್ರಾ?"

"ಕಾರ್ಡು ಬಂದಿತ್ತಲ್ಲ ನರ್ಸಮ್ಮ. ನಿಮ್ಮ ಚೀಲದ ಮ್ಯಾಲೈತಲ್ಲ, ಅದೇ ಕೆಂಪು ಗುರ್ತು. ಶ್ರೀ ಇರ್ಲಿಲ್ಲ. ಹರಿದಾಕ್ದೆ."

"ಅಯ್ಯೋ ಅಣ್ಣಾ, ಅದು ರೆಡ್‌ಕ್ರಾಸ್ ಕಾರ್ಡು ಕಣ್ರೀ! ಸೆರೆ ಸಿಕ್ಕಿರೋ ಸಿಪಾಯಿ ಮನೆಗೆ ಬರಿಯೋದು. ಸತ್ತೋರು ಬರೀತಾರಾ?"

ಈರಭದ್ರಪ್ಪ ಕಾರ್ಡು ಹರಿದುಹಾಕಿದ್ದ ಅಂಗಳದ ಕಡೆ ತಿರುಗಿ ನೋಡಿದ. ಆದರೂ ಅನುಮಾನ ಬಿಡಲಿಲ್ಲ.

"ಶತ್ರುಗಳು ನಮ್ಮ ಹುಡುಗನ ಕಾಗ್ದ ಯಾಕ್ ಕಳಿಸ್ತಾರೆ? ಏನೋ ಮಸಲತ್ತು."

"ತಲುಪಿಸೋರು ರೆಡ್‌ಕ್ರಾಸಿನೋರು. ಅವರು ಆ ಕಡೆಗೂ ಸೇರಿಲ್ಲ, ಈ ಕಡೆಗೂ ಸೇರಿಲ್ಲ. ಎರಡೂ ಸರ್ಕಾರ ಒಪ್ಪಿರೋದ್ರಿಂದ ಸೆರೆ ಸಿಕ್ಕಿದೋರನ್ನ ಹೋಗಿ ನೋಡ್ತಾರೆ, ಹೆಸರು ಬರ್ಕೊತಾರೆ. ನಮ್ಮ ಸೆರೇಲಿರೋ ಅವರ ಸಿಪಾಯಿಗಳ ಕಾಗ್ದಾನೂ ಹಿಂಗೇ ಹೋಗ್ತವೆ."

"ಅಷ್ಟು ದೊಡ್ಡೋರು ಯುದ್ಧಾನೇ ನಿಲ್ಲಿಸ್ಬಾರ್ದಾ?"

"ಅದಕ್ಕೆ ವಿಶ್ವಸಂಸ್ಥೆ ಅಂತ ಬೇರೆ ಇದೆ. ಎರಡೂ ಕಡೆಯೋರನ್ನ ಕೂರಿಸಿ ಮಾತಾಡ್ಸುತ್ತೆ. ಕಾದಾಡೋರು ಒಪ್ದೆ ಹೋದ್ರೆ ಅದೂ ಕೈಕಟ್ಕೊಂಡು ನಿಲ್ಬೇಕು. ಅದೇ ಸಂಕಟ ಅಣ್ಣಾ."

ಒಳಗಿನಿಂದ ದ್ಯಾಮಮ್ಮನ ದನಿ ಬಂತು. "ಬರೀರಮ್ಮ. ಅವ್ವ ಕಾಯ್ತಾವ್ಳೆ ಅಂತ ಬರೀರಿ. ಈ ಸಲ ಮ್ಯಾಲೆ ಶ್ರೀ ಹಾಕಪ್ಪ, ನಿಮ್ಮಪ್ಪಂಗೆ ಬ್ಯಾರೇನೂ ಓದಕ್ಕೆ ಬರಲ್ಲ ಅಂತಾನೂ ಬರೀರಿ."

ತಂತಿಯಲ್ಲಿದ್ದ ಮಗನ ನಂಬರು ಹಾಕಿ ಸುಲೋಚನಮ್ಮ ಬರೆದ ಉತ್ತರ ರೆಡ್‌ಕ್ರಾಸಿನ ಮೂಲಕ ಹೋಯಿತು. ದ್ಯಾಮಮ್ಮ ಗಂಜಿ ಕುಡಿಯತೊಡಗಿದಳು. ಆದರೆ ಸೊರಗಿದ ಜೀವ ಚೇತರಿಸಿಕೊಳ್ಳಲಿಲ್ಲ. ಎರಡನೆಯ ಕಾರ್ಡು ಬಂದಾಗ ಅವಳನ್ನು ಮಣ್ಣು ಮಾಡಿ ವಾರವಾಗಿತ್ತು.

ಮೂಲೆಯಲ್ಲಿ ಅದೇ ಕೆಂಪು ಗುರುತು, ಮೇಲೆ ದೊಡ್ಡದಾಗಿ ಶ್ರೀ. ಈರಭದ್ರಪ್ಪ ಅದನ್ನು ಹೊಸಿಲು ದಾಟಿಸಿ ಒಳಗೆ ತಂದು, ಅವಳು ಮಲಗುತ್ತಿದ್ದ ಚಾಪೆಯ ಮೇಲಿಟ್ಟ. ಸುಲೋಚನಮ್ಮ ಓದಿ ಹೇಳಿದರು: "ಅವ್ವಾ, ನಾನು ಕ್ಷೇಮ. ಬೇಸಿಗೆಯಲ್ಲಿ ಬರೆದ ಕಾರ್ಡಿಗೆ ಆಗಲೇ ಯಾಕೆ ಉತ್ತರ ಬರೆಸಲಿಲ್ಲ?"

ಈರಭದ್ರಪ್ಪ ಗೋಳೋ ಎಂದು ಅತ್ತುಬಿಟ್ಟ. ವರ್ಷದ ಕೊನೆಗೆ ಬಿಡುಗಡೆಯಾಗಿ ಬಂದ ಮಗ ಅದೇ ಪ್ರಶ್ನೆ ಕೇಳಿದಾಗ ಈರಭದ್ರಪ್ಪ ಅವನನ್ನು ಕೈಹಿಡಿದು ಆ ಚಾಪೆಯ ಬಳಿಗೆ ಕರೆದುಕೊಂಡು ಹೋದ.

ಅಕ್ಕಂದಿರೇ, ಅಣ್ಣಂದಿರೇ, ಯುದ್ಧಕ್ಕೆ ಹೋದವರು ಕಾಣೆಯಾದರೆ ಸತ್ತರೆಂದು ನೀವಾಗಿಯೇ ತೀರ್ಮಾನಿಸಬೇಡಿ. ಕೆಂಪು ಗುರುತಿನ ಕಾರ್ಡು ಬಂದರೆ ಓದುಬಲ್ಲವರ ಕೈಗೆ ಕೊಡಿ, ಅಂದೇ ಉತ್ತರ ಬರೆಯಿಸಿ. ಏನೂ ಬಾರದಿದ್ದರೆ ರೆಡ್‌ಕ್ರಾಸಿನ ಮೂಲಕ ವಿಚಾರಿಸಿ. ಎರಡು ದೇಶಗಳ ಹಗೆಯನ್ನು ದಾಟಿ ನಿಮ್ಮ ಅಂಗಳಕ್ಕೆ ಬಂದ ಕಾಗದ ಅದು. ಅಲ್ಲಿಂದ ಒಳಗೆ ತರುವ ಕೆಲಸ ನಿಮ್ಮದು.