ಬಯಕೆ ಮುಗೀತು, ಇನ್ನು ಸೀಮಾಂತ

ಸತ್ತ ಗಂಡನ ಪಾದಕ್ಕೆ ಅಪರಿಚಿತ ಹೆಂಗಸೊಬ್ಬಳು ಚಾಚಿದ ಕೈಯನ್ನು ಗುರುಲಿಂಗಮ್ಮ ಗಪ್ಪನೆ ಹಿಡಿದಳು.

"ಯಾರವ್ವಾ ನೀನು?"

"ನಾಲವಾರದ ಮಾಳಮ್ಮರಿ. ಸರ್..." ಎಂದವಳು ಬಿಕ್ಕಿ ಬಿಕ್ಕಿ ಅತ್ತಳು.

ವರ್ಷದಿಂದ ಗುರುಲಿಂಗಮ್ಮ ಮರೆಯದ ಹೆಸರು ಅದು. ಪಡಸಾಲೆಯಲ್ಲಿ ಬಸವಲಿಂಗ ಮಾಸ್ತರರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಭಜನೆ ನಡೆದಿತ್ತು. ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮನುಷ್ಯ. ವಾಡಿ ಊರಿಗೆ ಊರೇ ಅಳುತ್ತಿತ್ತು. ಕಟ್ಟಿಕೊಂಡವಳ ಕಣ್ಣು ಮಾತ್ರ ಒಣಗಿತ್ತು. ಅವಳು ಮಾಳಮ್ಮನ ಕಂಕುಳು ನೋಡಿದಳು, ಬೆನ್ನ ಹಿಂದೆ ನೋಡಿದಳು. ಕೂಸು ಕಾಣಲಿಲ್ಲ.

ನಾದಿನಿ ಬಸ್ಸಮ್ಮ ಕಿವಿಯಲ್ಲಿ ಉಸುರಿದಳು: "ವೈನಿ, ಸಂಬಂಧ ಇಲ್ಲದಾಕಿ ಹಿಂಗ್ಯಾಕ ಅಳಾಕತ್ತಾಳ? ಚೀಲದಾಗ ಏನೋ ತಂದಾಳ ನೋಡ್ರಿ."

ಚೀಲದಲ್ಲಿ ಪೇರಲ ಹಣ್ಣಿದ್ದವು.

* * *

ಹೋದ ವರ್ಷದ ದೀಪಾವಳಿ ಮುಗಿದಿತ್ತಷ್ಟೆ. ಮಾಸ್ತರರು ಹಿತ್ತಲಲ್ಲಿ ನಿಂತು ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಗುರುಲಿಂಗಮ್ಮ ಕಿವಿಗೊಟ್ಟಳು.

"ಮಾಳಮ್ಮಾ, ನಿನ್ನ ಬಯಕೆ ಮುಗೀತಲ್ಲ? ಇನ್ನ ಸೀಮಾಂತ. ನಾನೇ ಬಂದು ಮುಗಿಸಿಕೊಡ್ತೀನಿ. ಮನ್ಯಾಗ ಯಾರಿಗೂ ಹೇಳಬ್ಯಾಡ."

ಬಯಕೆ ಅಂದರೆ ಬಸುರಿಯ ಬಯಕೆ, ತಿಳಿಯದ ಹೆಂಗಸು ಯಾರು? ಆಮೇಲೆ ಸೀಮಂತ. ನಾವು ಕುಬಸ ಅನ್ನುವುದಕ್ಕೆ ಓದಿದವರು ಸೀಮಂತ ಅನ್ನುತ್ತಾರೆ, ಅದೂ ಅವಳಿಗೆ ಗೊತ್ತಿತ್ತು. ಮರುದಿನ ಮಾಸ್ತರರು ಚೀಲದ ತುಂಬ ಪೇರಲ ಹಣ್ಣು ಹಿಡಿದು ನಾಲವಾರಕ್ಕೆ ರೈಲು ಹತ್ತಿದರು, ಖಾಲಿ ಚೀಲ ತಂದರು. ರಾತ್ರಿ ಒಂದೇ ರೊಟ್ಟಿಗೆ ಸಾಕೆಂದರು. ಅಲ್ಲೇ ಉಂಡು ಬಂದಿರಬೇಕು!

ತಾನೊಂದು ಕುಬಸ ಕಾಣದವಳು ಗುರುಲಿಂಗಮ್ಮ. ಕೇಳಿದರೆ ಹೌದು ಅಂದುಬಿಟ್ಟರೆ ಎಂಬ ಹೆದರಿಕೆಗೆ ಕೇಳಲೇ ಇಲ್ಲ. ಅಂದಿನಿಂದ ತಾಟಿಗೆ ರೊಟ್ಟಿ ಹಾಕಿ, ಮಾತಿಲ್ಲದೆ ಒಳಗೆ ಹೋಗುತ್ತಿದ್ದಳು.

* * *

ಮಾಸ್ತರರನ್ನು ಸಮಾಧಿಯ ಗುಣಿಯಲ್ಲಿ ಕೂರಿಸಿದ ಮೇಲೆ, ಕ್ರಿಯೆ ನಡೆಸುವ ಅಯ್ಯನವರು ಬಿಲ್ವದೆಲೆ ಚಾಚಿ ಕರೆದರು. "ಬಾ ತಾಯಿ, ಕಡೀ ಪತ್ರಿ ಏರಸು."

ಗುರುಲಿಂಗಮ್ಮ ಕದಲದೆ ಮಾಳಮ್ಮನತ್ತ ಬೆರಳು ತೋರಿಸಿದಳು. "ಮದಲ ಈಕಿ ಹೇಳಲಿ. ಕೂಸೆಲ್ಲಿ?"

"ಯಾವ ಕೂಸರಿ ಅಮ್ಮಾರ?" ಮಾಳಮ್ಮ ಕಕ್ಕಾಬಿಕ್ಕಿಯಾದಳು.

"ನಮ್ಮವರು ಸೀಮಂತ ಮಾಡಿಸಿದ್ರಲ್ಲ, ಅದರದು!"

ಮಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ, ಅದು ಸೀಮಾಂತರಿ, ಪಾಠ! ಬಯಕೆ ಮದಲನೇ ಪಾಠ, ಸೀಮಾಂತ ತುಷ್ಟಿಗುಣ ಅದರ ಮುಂದಿಂದು. ಪಿಯುಸಿ ಅರ್ಥಶಾಸ್ತ್ರದಾಗ ಫೇಲಾದಾಕಿ ನಾ, ಮಗಳ ಜೋಡಿ ಮತ್ತ ಪರೀಕ್ಷಾಕ್ಕ ಕಟ್ಟಿದ್ದೆ. ಮನ್ಯಾಗ ನಗತಾರಂತ ಸರ್ ಸ್ಟೇಷನ್ ಕಟ್ಟಿ ಮ್ಯಾಲೆ ಕುಂದ್ರಿಸಿ ಕಲಿಸಿದ್ರು."

"ಪೇರಲ ಯಾಕ ಮತ್ತ?"

"ಹಸಿದಾಗ ಮದಲಿನ ಹಣ್ಣಿನ ರುಚಿ ಎರಡನೇದಕ್ಕ ಇರಂಗಿಲ್ಲ, ಮೂರನೇದಕ್ಕ ಇನ್ನೂ ಕಡಿಮಿ. ಅದೇ ಸೀಮಾಂತರಿ. ತಾವೂ ತಿಂದು, ನನಗೂ ತಿನಿಸಿ ತಿಳಿಸಿದ್ರು. ನಾ ಪಾಸಾದೆ. ಅವರಿಗೆ ಹೇಳಬೇಕಂತ ಹಣ್ಣು ತಗೊಂಡು ಬಂದ್ರ..."

ಗುರುಲಿಂಗಮ್ಮ ಗುಣಿಯ ಅಂಚಿಗೆ ಕೂತುಬಿಟ್ಟಳು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ! ತಡೆಹಿಡಿದ ಅಳುವನ್ನೆಲ್ಲ ಬೋರಾಡಿ ಅತ್ತಳು. ಪತ್ರಿ ಏರಿಸಿದಳು. ಆಮೇಲೆ ಮಾಳಮ್ಮನ ಚೀಲದೊಳಗೆ ಕೈ ಹಾಕಿ ಒಂದು ಹಣ್ಣು ತೆಗೆದು, ಸೆರಗಿನಿಂದ ಒರೆಸಿ ಚಾಚಿದಳು.

"ಅವರ ಉಡಿಯಾಗ ಇಡ್ರಿ."

"ಚೀಲನೇ ಕೊಡು ತಾಯಿ, ಎಲ್ಲಾ ಇಡೋಣು," ಎಂದರು ಅಯ್ಯನವರು.

"ಬ್ಯಾಡರಿ. ಎರಡನೇದು ಅವರಿಗೆ ರುಚಿ ಹತ್ತಂಗಿಲ್ಲ."

ಮಣ್ಣು ಬೀಳತೊಡಗಿತು. ವಿಭೂತಿಯ ಬಿಳುಪಿನ ನಡುವೆ ಹಣ್ಣಿನ ಹಸಿರು ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿತ್ತು.