ಬೆನ್ನಿನ ಪಟ್ಟಿ

ರೋಹಿಣಿ ಬಿಸಿನೀರಿಗೆ ತಂಬಿಗೆ ಅದ್ದುತ್ತಿದ್ದಂತೆ ನಾಜಿಮಾ ಅವಳ ಮಣಿಕಟ್ಟು ಹಿಡಿದಳು.

"ನೀವು ಬ್ಯಾಡ್ರಿ ಬಾಯಾರ. ಅಕ್ಕನ ಮೈ ನಾವು ತೊಳೀತೇವಿ."

"ಆರು ತಿಂಗಳಿಂದ ನಾನ ತೊಳದೇನಿ, ನಾಜಿಮಾ."

"ಅದು ಬ್ಯಾರೆ. ಇದು ಕಡೀ ಜಳಕ, ನಮ್ಮವ್ರ ಮಾಡ್ಬೇಕು."

ರೋಹಿಣಿ ತಂಬಿಗೆ ಕೆಳಗಿಟ್ಟು ಹಿತ್ತಲಿಗೆ ಬಂದಳು. ಹಿಂದೆ ಬಾಗಿಲು ಮುಚ್ಚಿತು. ಅಣ್ಣಿಗೇರಿಯ ಹೈಸ್ಕೂಲೊಂದರಲ್ಲಿ ಮುಸರತ್ ವಿಜ್ಞಾನ, ರೋಹಿಣಿ ಕನ್ನಡ ಕಲಿಸುತ್ತ, ಈ ಬಾಡಿಗೆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕೂಡಿ ಉಂಡಿದ್ದರು. ಮುಸರತ್‌ಗೆ ಲಕ್ವಾ ಹೊಡೆದ ಮೇಲೆ ತಂಗಿ ನಾಜಿಮಾ ಹುಬ್ಬಳ್ಳಿಯಿಂದ ಬಂದದ್ದು ಎರಡು ಸಲ.

*

ಆಗಿನ್ನೂ ಇಬ್ಬರೂ ಶಾಲೆಗೆ ಹೊಸಬರು. ಗೋಡೆಯ ಆಚೆಯ ವರ್ಗದಲ್ಲಿ ಮುಸರತ್ ಸ್ಟೋವಿನ ಮೇಲೆ ನೀರು ಕುದಿಸುತ್ತಿದ್ದಳು. ಅವಳ ದನಿ ರೋಹಿಣಿಗೆ ಕೇಳುತ್ತಿತ್ತು.

"ನೀರಿನ ಅಣು ಒಡದು ಹೋತೇನು?"

"ಹೌದ್ರಿ ಬಾಯಾರ!"

"ಇಲ್ಲ. ಅಣುವಿನ ಒಳಗಿನ ಬಂಧ ಅಗದಿ ಗಟ್ಟಿ. ಆದ್ರ ಒಂದ್ ಅಣು ಬಾಜೂಕಿನ ಅಣುವನ್ನ ಸೆಳಕೊಂಡಿರ್ತತಿ ನೋಡ್ರಿ, ಆ ಸೆಳೆತ ಸಣ್ಣದು. ಬೆಂಕಿ ಅದನ್ನಷ್ಟ ಬಿಡಸ್ತತಿ."

ಒಬ್ಬ ಹುಡುಗಿ ಕೇಳಿದಳು: "ಸಣ್ಣದಂದ್ರ, ಇಲ್ಲದಿದ್ರೂ ನಡೀತತೇನ್ರಿ?"

"ಅದಿಲ್ಲಂದ್ರ ಎಲ್ಲಾ ಆವಿ ಆಗಿ, ಕುಡಿಯಾಕ ಒಂದ್ ಹನಿ ನೀರೂ ಇರತಿದ್ದಿಲ್ಲ ಬೇ."

*

ಬಾಗಿಲು ತೆರೆಯಿತು. ನಾಜಿಮಾಳ ಮುಖ ಬಿಳಿಚಿತ್ತು.

"ಬಾಯಾರ, ಮಲಗಿ ಮಲಗಿ ಬೆನ್ನಾಗ ಅಂಗೈ ಅಗಲದ ಹುಣ್ಣಾಗೈತಿ. ಅಂಟಿನ ಪಟ್ಟಿ ಜಗ್ಗಿದ್ರ ಚರ್ಮಾನ ಕಿತ್ತ ಬರಾಕತ್ತೈತಿ. ನಮಗ ಗೊತ್ತ ಇದ್ದಿಲ್ಲ."

ಕೇಳಿದ್ದರೆ ಹೇಳುತ್ತಿದ್ದೆ ಎಂಬ ಮಾತು ರೋಹಿಣಿಯ ಬಾಯಿಗೆ ಬಂತು.

"ಜಗ್ಗಬ್ಯಾಡ್ರಿ," ಎಂದು ಒಳಗೆ ಹೋದಳು.

ಬಿಸಿನೀರಿನ ಬಟ್ಟೆಯಿಂದ ಪಟ್ಟಿಯ ಅಂಚು ನೆನೆಸಿ, ಚರ್ಮವನ್ನು ಬೆರಳಿನಿಂದ ಒತ್ತಿ ಹಿಡಿದು, ಚೂರು ಚೂರೇ ಸಡಿಲಿಸಿದಳು. ದಿನಾ ಹೀಗೆ ಬಿಡಿಸುವಾಗ ಮುಸರತ್ ಹಲ್ಲು ಕಚ್ಚಿ ಅವಳ ಸೆರಗು ಹಿಡಿಯುತ್ತಿದ್ದಳು. ಈಗ ಆ ಕೈ ಮೈ ತೊಳೆಯುವ ಹಲಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಟ್ಟಿ ಪೂರ್ತಿ ಬಂದಾಗ ನಾಜಿಮಾ ಬಾಯಿಗೆ ಓಢಣಿ ಒತ್ತಿಕೊಂಡು ಅತ್ತಳು.

ಆಮೇಲೆ ಮುಖ ಒರೆಸಿಕೊಂಡು, "ಆತ್ರಿ. ಇನ್ನ ಹೊರಗ ಕುಂದರ್ರಿ," ಎಂದಳು. "ಸಂಜಿಗೆ ಗಾಡಿ ಬರ್ತತಿ, ಅಕ್ಕನ ಸಾಮಾನ ಒಯ್ತೇವಿ. ಅಕೀವು ಯಾವ್ಯಾವು, ತಗದಿಡ್ರಿ."

ಯಾವುದು ಯಾರದೆಂದು ರೋಹಿಣಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಜನಾಜಾ ಎದ್ದಿತು. ಗಂಡಸರು ಶವದ ಮಂಚಕ್ಕೆ ಹೆಗಲು ಬದಲಿಸುತ್ತ ಓಣಿಯಲ್ಲಿ ನಡೆದರು. ರೋಹಿಣಿ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಬೆರಳುಗಳಲ್ಲಿ ಪಟ್ಟಿಯ ಅಂಟು ಉಳಿದಿತ್ತು. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದಳು; ಎರಡೂ ಅಂಟಿಕೊಂಡವು. ಜನಾಜಾ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವನ್ನು ಬಿಡಿಸಲಿಲ್ಲ.