ಶತ್ರುವಿನ ಅಂಗಡಿಯಲ್ಲೊಂದು ಪಾಲು

ಬೀದಿಯವರೆಲ್ಲ ಅವನನ್ನು ಕನ್ನಡಕದಣ್ಣ ಅಂತಲೇ ಕರೆಯುತ್ತಿದ್ದರು. ಅವನ ಅಂಗಡಿ ಚಿಕ್ಕದು. ಮುಂದೆ ಗಾಜಿನ ಕಪಾಟು, ಎರಡು ಕನ್ನಡಿ, ಹಿಂದೆ ಪರದೆಯಾಚೆ ಲೆನ್ಸು ಉಜ್ಜುವ ಯಂತ್ರ. ಆ ಯಂತ್ರದ ಮುಂದೆ ಕೂರುತ್ತಿದ್ದವಳು ಅವನ ಅಕ್ಕ. ಅಂಗಡಿ ಇಬ್ಬರದ್ದೂ ಹೌದು, ಕೊನೇ ಮಾತು ಮಾತ್ರ ಅಕ್ಕನದ್ದು.

ಕೆಲವು ವರ್ಷಗಳಿಂದ ಅವರಿಗೆ ಹೊಸದೊಂದು ಕಾಟ ಶುರುವಾಗಿತ್ತು. ಜನ ಬರುವುದು, ಹತ್ತು ಹನ್ನೆರಡು ಫ್ರೇಮ್ ಮೂಗಿಗೇರಿಸಿ ನೋಡುವುದು, ಒಪ್ಪಿದ್ದರ ಕಡ್ಡಿಯೊಳಗಿನ ನಂಬರಿನ ಫೋಟೋ ಹೊಡೆದುಕೊಳ್ಳುವುದು, “ಮನೇಲಿ ಕೇಳ್ಕೊಂಡು ಬರ್ತೀನಿ” ಅಂತ ಹೋಗಿಬಿಡುವುದು. ಮನೆಗೆ ಹೋಗಿ ಕೇಳುತ್ತಿದ್ದದ್ದು ಹೆಂಡತಿಯನ್ನೂ ಅಲ್ಲ, ಗಂಡನನ್ನೂ ಅಲ್ಲ, ಕನ್ನಡಕದಿಂದ ಹಿಡಿದು ಚಪ್ಪಲಿವರೆಗೆ ಎಲ್ಲ ಮಾರುವ ಒಂದು ಇಂಟರ್ನೆಟ್ ಅಂಗಡಿಯನ್ನು.

ಒಂದು ದಿನ ಹೀಗೆ ಒಂದೇ ಮನೆಯ ನಾಲ್ವರು ಸಾಲಾಗಿ ಫೋಟೋ ಹೊಡೆದುಕೊಂಡು ಹೋದಾಗ ಕನ್ನಡಕದಣ್ಣನಿಗೆ ತಲೆ ಕೆಟ್ಟುಹೋಯಿತು. ಅದೇ ಸಿಟ್ಟಿನಲ್ಲಿ ತನ್ನ ಉಳಿತಾಯ ತೆಗೆದು ಆ ಇಂಟರ್ನೆಟ್ ಅಂಗಡಿಯ ಷೇರು ಕೊಂಡುಬಿಟ್ಟ. ಗಿರಾಕಿಗಳನ್ನಂತೂ ಕಿತ್ಕೊಂಡಾಯ್ತು, ಲಾಭದಲ್ಲಾದರೂ ಪಾಲು ಕೊಡಲಿ ಅಂತ. ಅಕ್ಕನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಷೇರು ಏರಿತು. ಆಮೇಲಿಂದ ಯಾರಾದರೂ ಫೋಟೋ ಹೊಡೆದರೆ ಅವನ ಅರ್ಧ ಮುಖ ಸಿಡುಕುತ್ತಿತ್ತು, ಇನ್ನರ್ಧ ಒಳಗೊಳಗೇ ಮುಗುಳ್ನಗುತ್ತಿತ್ತು.

ಈ ಸುಖ ಬಹಳ ದಿನ ಬಾಳಲಿಲ್ಲ. ಟಿವಿಯಲ್ಲಿ ಟೈ ಕಟ್ಟಿದ ಮೂವರು ಕೂತು, ಇಂಟರ್ನೆಟ್ ಅಂಗಡಿಗಳ ಕಾಲ ಮುಗೀತಾ ಬಂತು, ಜನ ತರಿಸಿದ್ದರಲ್ಲಿ ಅರ್ಧ ವಾಪಸ್ ಕಳಿಸುತ್ತಿದ್ದಾರೆ, ಪೆಟ್ಟಿಗೆ ಹೊತ್ತು ತಿರುಗುವ ಖರ್ಚಿನಲ್ಲೇ ಲಾಭ ಕರಗುತ್ತಿದೆ ಅಂತ ತಲೆಯಾಡಿಸಿದರು. ಮಾರನೇ ದಿನದಿಂದ ಷೇರು ಜಾರತೊಡಗಿತು. ಕನ್ನಡಕದಣ್ಣ ಕಪಾಟಿನ ಕೆಳಗೆ ಫೋನ್ ಬಚ್ಚಿಟ್ಟುಕೊಂಡು ಗಳಿಗೆಗೊಮ್ಮೆ ನೋಡುವುದು, ನಿಟ್ಟುಸಿರು ಬಿಡುವುದು. ಪರದೆ ಸರಿಸಿ ಇದನ್ನೆಲ್ಲ ನೋಡಿದ ಅಕ್ಕ ತುಟಿ ಬಿಗಿಹಿಡಿದಳು. ಈ ವಯಸ್ಸಿನಲ್ಲಿ ಇವನಿಗೆ ಯಾವಳು ಗಂಟುಬಿದ್ದಳಪ್ಪಾ ಅಂತ ಅವಳ ಚಿಂತೆ.

ಕೈಕಟ್ಟಿ ಕೂತರೆ ಆಗದು ಅನಿಸಿ, ಕನ್ನಡಕದಣ್ಣ ಶತ್ರುವಿನ ವ್ಯಾಪಾರ ಎತ್ತಿ ನಿಲ್ಲಿಸಲು ತಾನೇ ಹೊರಟ. ಅವತ್ತು ಸಂಗೀತದ ಟೀಚರ್ ಬಂದು ಕಂದು ಬಣ್ಣದ ಫ್ರೇಮ್ ಆರಿಸಿ, ಮೆಲ್ಲಗೆ ಫೋನ್ ಹೊರಗೆ ತೆಗೆದರು.

“ಇಲ್ಲಿ ಬನ್ನಿ ಮೇಡಂ, ಬೆಳಕಿಗೆ. ನಂಬರ್ ಚೆನ್ನಾಗಿ ಬರುತ್ತೆ” ಅಂದ ಕನ್ನಡಕದಣ್ಣ.

ಟೀಚರ್ ಕೈ ಅಲ್ಲೇ ನಿಂತಿತು. “ಯಾಕೆ?”

“ಇಂಟರ್ನೆಟ್‌ನಲ್ಲೇ ತರಿಸ್ಕೊಳ್ಳಿ. ಅಲ್ಲಿ ಅಗ್ಗ.”

“ಅಂಗಡಿಯವರೇ ಅಲ್ಲಿಗೆ ಹೋಗಿ ಅಂತೀರಲ್ಲ! ಅಲ್ಲೇನು ಐಬಿದೆ, ನಿಜ ಹೇಳಿ.”

“ಅಯ್ಯೋ, ಐಬೇನೂ ಇಲ್ಲ. ಬಹಳ ಒಳ್ಳೇ ಕಂಪನಿ.”

“ಹೇಳೋಕೆ ಸಂಕೋಚ ನಿಮಗೆ. ನಂಗೆ ಅರ್ಥವಾಯ್ತು ಬಿಡಿ” ಅಂದವರೇ ಟೀಚರ್ ಅಲ್ಲೇ ದುಡ್ಡು ಕೊಟ್ಟು, ಮುಂಗಡ ರಸೀದಿ ಬರೆಸಿಕೊಂಡು ಹೋದರು. ಹೋದವರು ಸುಮ್ಮನಿದ್ದರಾ? ವಾರದೊಳಗೆ ಅವರ ಶಿಷ್ಯೆಯರು, ಶಿಷ್ಯೆಯರ ಅತ್ತೆಯಂದಿರು, ಬಸ್ ಡ್ರೈವರ್, ಬ್ಯಾಂಕಿನ ಗುಮಾಸ್ತ ಎಲ್ಲರೂ ಬಂದರು. ಅವನು ಬೇಡ ಬೇಡ ಅಂದಷ್ಟೂ ಜನಕ್ಕೆ ನಂಬಿಕೆ ಹೆಚ್ಚಿತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಅತ್ತ ಷೇರು ಪಾತಾಳ ಹುಡುಕಿಕೊಂಡು ಹೊರಟಿದೆ. ಕನ್ನಡಕದಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಗಿರಾಕಿಗಳ ಗದ್ದಲದ ನಡುವೆಯೂ ಅವನು ಫೋನಿಗೆ ಬಗ್ಗಿದ್ದು ಕಂಡು ಅಕ್ಕ ಹಿಂದಿನಿಂದ ಬಂದು ಅದನ್ನು ಕಿತ್ತುಕೊಂಡಳು.

“ಯಾರೋ ಅವಳು?”

ಫೋನಿನಲ್ಲಿ ಯಾವಳೂ ಇರಲಿಲ್ಲ. ಕೆಂಪು ಗೆರೆಯೊಂದು ಮೇಲಿಂದ ಕೆಳಕ್ಕೆ ಬಿದ್ದಿತ್ತು. ಪಕ್ಕದಲ್ಲಿ ಕಂಪನಿಯ ಹೆಸರು. ಅಕ್ಕ ಓದಿದಳು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

“ನಮ್ಮ ಹೊಟ್ಟೆ ಮೇಲೆ ಹೊಡೆಯೋನಿಗೆ ನೀನೇ ದೊಣ್ಣೆ ಕೊಡಿಸಿದ್ಯೇನೋ? ಇದಕ್ಕಿಂತ ಯಾವಳನ್ನಾದ್ರೂ ಪ್ರೀತಿ ಮಾಡಿದ್ರೆ ವಾಸಿಯಿತ್ತು!”

“ಪಾಲು ಬರ್ಲಿ ಅಂತ ಅಕ್ಕ…”

“ಬಂತಾ?”

ಅಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, ಷೇರುದಾರರ ವಾರ್ಷಿಕ ಸಭೆ ಫೋನಿನಲ್ಲೇ ನಡೆಯುತ್ತದೆ ಅಂತ ಗೊತ್ತಾದಾಗ, ತಾನೇ ಬಾಗಿಲೆಳೆದು, ಸ್ಟೂಲ್ ಹಾಕಿಕೊಂಡು ತಮ್ಮನ ಪಕ್ಕ ಕೂತಳು.

ಅಧ್ಯಕ್ಷರು ಭವಿಷ್ಯ ಉಜ್ವಲವಾಗಿದೆ ಅಂತ ಅರ್ಧ ಗಂಟೆ ಮಾತಾಡಿದರು. ಕನ್ನಡಕಗಳೇ ಯಾಕೆ ಅಷ್ಟೊಂದು ವಾಪಸ್ ಬರುತ್ತವೆ ಅನ್ನುವುದು ಮಾತ್ರ ತಮಗೂ ಬಗೆಹರಿದಿಲ್ಲ ಅಂದರು. ಪ್ರಶ್ನೆ ಕೇಳುವ ಹೊತ್ತು ಬಂದದ್ದೇ ಅಕ್ಕ ಫೋನ್ ಎಳೆದುಕೊಂಡಳು.

“ನಾನು ಹೇಳ್ತೀನಿ ಕೇಳಿ. ಒಂದು ಕಿವಿ ಮೇಲಿರುತ್ತೆ, ಒಂದು ಕೆಳಗಿರುತ್ತೆ. ಮೂಗಂತೂ ಒಬ್ಬೊಬ್ಬರದ್ದು ಒಂದೊಂದು ಥರ. ಕಡ್ಡಿ ಬಿಸಿ ಮಾಡಿ, ಬಗ್ಗಿಸಿ, ಮುಖಕ್ಕೆ ಕೂರಿಸೋಕೆ ಎರಡು ಕೈ ಬೇಕು ಸ್ವಾಮಿ. ನಿಮ್ಮ ಪೆಟ್ಟಿಗೆಗೆ ಕೈಯಿದೆಯಾ? ಇದು ನಿಮ್ಮ ಕೆಲಸ ಅಲ್ಲ, ಬಿಟ್ಟುಬಿಡಿ. ನಮ್ಮ ದುಡ್ಡಾದ್ರೂ ಉಳಿಯುತ್ತೆ.”

‘ನಮ್ಮ ದುಡ್ಡು’ ಅಂದದ್ದು ಕೇಳಿ ಕನ್ನಡಕದಣ್ಣನಿಗೆ ಹೋದ ಜೀವ ಬಂದಂತಾಯಿತು. ಉಳಿದ ಷೇರುದಾರರು ಬಿದ್ದು ಬಿದ್ದು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಅದೇ ಪ್ರಶ್ನೆ ಹಿಡಿದು ಅಧ್ಯಕ್ಷರ ಬೆವರಿಳಿಸಿದರು.

ಒಂದು ತಿಂಗಳಿಗೆ ಸುದ್ದಿ ಬಂತು. ಕಂಪನಿ ಕನ್ನಡಕದ ವಿಭಾಗವನ್ನೇ ಮುಚ್ಚಿತ್ತು. ನಷ್ಟದ ಬಾಬ್ತು ಕಳಚಿತು ಅಂತ ಹೂಡಿಕೆದಾರರು ಖುಷಿಪಟ್ಟರು, ಷೇರು ಮತ್ತೆ ಏರತೊಡಗಿತು. ಅಂಗಡಿಯಲ್ಲಿ ಗಿರಾಕಿಗಳೂ ಕಡಿಮೆಯಾಗಲಿಲ್ಲ.

“ಈಗಲೇ ಮಾರಿಬಿಡ್ಲಾ ಅಕ್ಕ?” ಅಂತ ಕೇಳಿದ ಕನ್ನಡಕದಣ್ಣ.

“ಮುಟ್ಟಿದ್ರೆ ನೋಡು!” ಅಂದಳು ಅಕ್ಕ ಲೆನ್ಸು ಉಜ್ಜುತ್ತಲೇ. “ಎದುರುಗಡೆ ಚಪ್ಪಲಿ ಅಂಗಡಿಯವರು ನಿನ್ನೆ ಬಂದಿದ್ರು. ಅವರ ಕಷ್ಟ ಎಲ್ಲ ಕೇಳಿದೀನಿ. ಬರೋ ವರ್ಷದ ಸಭೇಲಿ ಪಾದದ ವಿಷಯ ಎತ್ತೋಣ.”